ಬೂದಿ ಮುಚ್ಚಿದ ಕೆಂಡ: ಭಾರೀ ಯಂತ್ರಗಳ ಬ್ಯಾಟರಿ ಮತ್ತು ಕೆಲಸಗಾರರ ಆರೋಗ್ಯ

ವಡೋದರಾ ನಗರವು ಮಹಾರಾಜ ಸಯಾಜಿರಾವ್ ಗಾಯಕವಾಡರ ಕಾಲದಿಂದಲೂ ವಿದ್ಯೆಗೆ, ಸಂಗೀತಕ್ಕೆ, ಚಿತ್ರಕಲೆಗೆ ಹೆಸರಾದ ಊರು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಅದು ಯಂತ್ರಗಳ ಊರೂ ಆಯಿತು. 1960ರ ದಶಕದಲ್ಲಿ ಕೊಯಲಿಯ ತೈಲ ಶುದ್ಧೀಕರಣ ಕೇಂದ್ರವೂ ಫರ್ಟಿಲೈಸರ್‌ನಗರದ ರಸಗೊಬ್ಬರ ಕಾರ್ಖಾನೆಯೂ ತಲೆಯೆತ್ತಿದವು. ಅವುಗಳ ಬೆನ್ನಿಗೇ ಹೆದ್ದಾರಿಗಳು, ಸೇತುವೆಗಳು, ವಸತಿ ಸಮುಚ್ಚಯಗಳು ಬಂದವು. 2017ರಲ್ಲಿ ಶಿಲಾನ್ಯಾಸಗೊಂಡ ಮುಂಬಯಿ–ಅಹಮದಾಬಾದ್ ಅತಿವೇಗದ ರೈಲುಮಾರ್ಗವೂ ಈ ನಗರದ ಮೂಲಕವೇ ಹಾದುಹೋಗುವಂಥದು. ಇಷ್ಟೆಲ್ಲ ಕಟ್ಟಡ ಕಾಮಗಾರಿಗಳ ನಡುವೆ ಬದುಕುವ ಆಲ್ಕಾಪುರಿಯ ನಿವಾಸಿಗಳಿಗೆ ಕ್ರೇನು, ಬುಲ್‌ಡೋಜರು, ಮಣ್ಣು ಅಗೆಯುವ ಯಂತ್ರ, ಡಂಪರುಗಳ ಸದ್ದು ಹೊಸದೇನೂ ಅಲ್ಲ.

ಇಂತಹ ಯಂತ್ರಗಳ ಕಥೆಯಲ್ಲಿ ಕನ್ನಡ ನಾಡಿನ ಪಾಲೂ ಗಣನೀಯವಾದುದು. 1964ರಲ್ಲಿ ಸ್ಥಾಪನೆಗೊಂಡ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯು ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಬುಲ್‌ಡೋಜರುಗಳನ್ನೂ ಮೈಸೂರಿನಲ್ಲಿ ಡಂಪರು ಮತ್ತು ಎಂಜಿನುಗಳನ್ನೂ ತಯಾರಿಸುತ್ತ ಬಂದಿದೆ. ಸಂಡೂರಿನ ದೋಣಿಮಲೈ ಕಬ್ಬಿಣದ ಗಣಿಯಲ್ಲಿ ದುಡಿಯುವ ಯಂತ್ರಗಳಿರಲಿ, ವಡೋದರೆಯ ಸಮೀಪದ ಹಾಲೋಲಿನಲ್ಲಿ 2022ರಲ್ಲಿ ಉದ್ಘಾಟನೆಯಾದ ಜೆಸಿಬಿ ಕಾರ್ಖಾನೆಯ ನಂಟುಳ್ಳ ಯಂತ್ರಗಳಿರಲಿ, ಅವೆಲ್ಲಕ್ಕೂ ಸಮಾನವಾದ ಒಂದು ಅಂಗವುಂಟು. ಅದೇ ಎಂಜಿನ್ನನ್ನು ಎಬ್ಬಿಸುವ ಬ್ಯಾಟರಿ.

ದಿನದ ಕೆಲಸ ಮುಗಿದು ಎಂಜಿನ್ ನಿಂತಾಗ, ಬಕೆಟ್ಟು ನೆಲಕ್ಕೆ ತಾಗಿದಾಗ, ಕೀಲಿ ಚಾಲಕನ ಜೇಬು ಸೇರಿದಾಗ ಇಡೀ ಯಂತ್ರ ನಿದ್ರಿಸುತ್ತಿದೆಯೆಂದು ಎಲ್ಲರೂ ಭಾವಿಸುವುದು ಸಹಜ. ಆದರೆ ಬ್ಯಾಟರಿ ಮಾತ್ರ ನಿದ್ರಿಸುವುದಿಲ್ಲ. ಎಂಜಿನ್ನನ್ನು ನಿಲ್ಲಿಸಲು ಕೀಲಿಯುಂಟು; ಬ್ಯಾಟರಿಯನ್ನು ನಿಲ್ಲಿಸುವ ಕೀಲಿಯನ್ನು ಯಾರೂ ಕಂಡುಹಿಡಿದಿಲ್ಲ. ಅದು ಬೂದಿ ಮುಚ್ಚಿದ ಕೆಂಡ. ಆದಕಾರಣ ಅದನ್ನು ಮುಟ್ಟುವವನಿಗೆ ರಕ್ಷಣೆಯೆಂದರೆ ಕೆಲಸದ ಕ್ರಮವೊಂದೇ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಅನಂತರ ಮಾಡಬೇಕು ಎಂಬ ಈ ಸರಳ ವಿಷಯದಲ್ಲಿ ಕೆಲಸಗಾರನ ಕಣ್ಣು, ಕೈ, ಬೆನ್ನು ಅಡಗಿವೆ. ಅವನ ಮನೆಯ ಮಕ್ಕಳ ಆರೋಗ್ಯವೂ ಅಡಗಿದೆ.

ಬ್ಯಾಟರಿ ಬಂದ ಬಗೆ

ಸೀಸ ಮತ್ತು ಗಂಧಕಾಮ್ಲಗಳಿಂದಾದ, ಮತ್ತೆ ಮತ್ತೆ ತುಂಬಿಸಬಹುದಾದ ಬ್ಯಾಟರಿಯನ್ನು ಫ್ರಾನ್ಸಿನ ವಿಜ್ಞಾನಿ ಗಾಸ್ತೋ ಪ್ಲಾಂತೆ 1859ರಲ್ಲಿ ರೂಪಿಸಿದ. ಆದರೆ ವಾಹನಗಳ ಎಂಜಿನ್ನನ್ನು ಎಬ್ಬಿಸುವ ಕೆಲಸ ಅದಕ್ಕೆ ದೊರೆತದ್ದು ಅರ್ಧ ಶತಮಾನದ ಮೇಲೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಬಳಕೆಗೆ ಬಂದಿತು. ಅದಕ್ಕೆ ಮುಂಚೆ ಎಂಜಿನ್ನಿನ ಮುಂಭಾಗಕ್ಕೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ಬಲವಾಗಿ ತಿರುಗಿಸಬೇಕಿತ್ತು. ಹಳೆಯ ಕಾಲದ ಬಸ್ಸು, ಲಾರಿಗಳನ್ನು ಹೀಗೆ ಎಬ್ಬಿಸುತ್ತಿದ್ದುದು ಹಿರಿಯರಿಗೆ ನೆನಪಿದ್ದೀತು. ಎಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ತಿರುಗಿಬಿದ್ದು ಮುಂಗೈ ಮುರಿಯುತ್ತಿತ್ತು. ಕೈಗಳನ್ನು ಉಳಿಸಲು ಬಂದ ಬ್ಯಾಟರಿಯೇ ಅಜಾಗರೂಕತೆಯಿಂದ ಕಣ್ಣನ್ನು ಕಳೆಯುವಂತಾಗಬಾರದಲ್ಲವೆ?

ಸಾಮಾನ್ಯ ಕಾರಿನ ಬ್ಯಾಟರಿ 12 ವೋಲ್ಟಿನದು. ದೊಡ್ಡ ಡೀಸೆಲ್ ಎಂಜಿನ್ನನ್ನು ತಿರುಗಿಸಲು ಇದು ಸಾಲದಾದ್ದರಿಂದ ಭಾರೀ ಯಂತ್ರಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಒಂದರ ಹಿಂದೊಂದು ಸರಣಿಯಾಗಿ ಜೋಡಿಸಿ 24 ವೋಲ್ಟ್ ಪಡೆಯುತ್ತಾರೆ. ಪ್ರತಿಯೊಂದು ಬ್ಯಾಟರಿಯಲ್ಲೂ ಆರು ಕೋಶಗಳಿದ್ದು, ಅವುಗಳಲ್ಲಿ ಸೀಸದ ಫಲಕಗಳು ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ.

ಅಡಗಿರುವ ಅಪಾಯಗಳು

ಮೊದಲನೆಯದು ಅನಿಲ. ಬ್ಯಾಟರಿಯು ಚಾರ್ಜ್ ಆಗುತ್ತಿರುವಾಗ ಅದರೊಳಗಿನ ನೀರಿನ ಅಂಶವು ವಿಭಜನೆಗೊಂಡು ಜಲಜನಕ ಮತ್ತು ಆಮ್ಲಜನಕಗಳು ಹೊರಬರುತ್ತವೆ. ಜಲಜನಕಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ 4ರಷ್ಟಾದರೆ ಸಾಕು, ಒಂದು ಸಣ್ಣ ಕಿಡಿಗೆ ಹೊತ್ತಿಕೊಳ್ಳಬಲ್ಲದು. ನೂರಕ್ಕೆ 75ರವರೆಗೂ ಈ ಗುಣ ಉಳಿದಿರುತ್ತದೆ. ಹೊಗೆಯ ವಾಸನೆ ಎಚ್ಚರಿಸುತ್ತದೆ, ಅಡುಗೆ ಅನಿಲದ ವಾಸನೆಯೂ ಎಚ್ಚರಿಸುತ್ತದೆ, ಜಲಜನಕ ಎಚ್ಚರಿಸುವುದಿಲ್ಲ. ಬ್ಯಾಟರಿ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡ ಅನಿಲ ಬೀಡಿಯ ಕಿಡಿಗೋ ಸ್ಪ್ಯಾನರ್ ತಾಗಿದ ಕಿಡಿಗೋ ಹೊತ್ತಿದಾಗ ಬ್ಯಾಟರಿಯ ಮೇಲ್ಭಾಗ ಸಿಡಿದು, ಚೂರುಗಳೊಂದಿಗೆ ಆಮ್ಲವೂ ಮುಖಕ್ಕೆ ಎರಚುತ್ತದೆ.

ಎರಡನೆಯದು ಆಮ್ಲ. ಇನ್ವರ್ಟರಿಗೆ ನೀರು ಹಾಕಿದ ಮರುವಾರ ಒಗೆದ ಪ್ಯಾಂಟಿನಲ್ಲಿ ಜರಡಿಯಂತೆ ತೂತುಗಳು ಕಾಣಿಸಿಕೊಂಡ ಅನುಭವ ಅನೇಕ ಮನೆಗಳಲ್ಲಿ ಉಂಟು. ಹತ್ತಿಯ ಬಟ್ಟೆಗೆ ಆದದ್ದೇ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಗೂ ಆಗಬಹುದು. ಬಟ್ಟೆಗೆ ತೇಪೆ ಹಾಕಬಹುದು, ಕಣ್ಣಿಗೆ ಹಾಕಲಾಗದು.

ಮೂರನೆಯದು ವಿದ್ಯುತ್ತು. 24 ವೋಲ್ಟ್ ಒಣ ಚರ್ಮವನ್ನು ಮುಟ್ಟಿದರೆ ಮನೆಯ ವಿದ್ಯುತ್ತಿನಂತೆ ಹೊಡೆಯುವುದಿಲ್ಲ. ಇದರಿಂದಲೇ ಕೆಲಸಗಾರರಲ್ಲಿ ಒಂದು ಬಗೆಯ ಧೈರ್ಯ ಹುಟ್ಟುತ್ತದೆ. ಆದರೆ ಈ ಬ್ಯಾಟರಿಗಳು ಎಂಜಿನ್ನನ್ನು ತಿರುಗಿಸುವಾಗ ನೂರಾರು ಆಂಪಿಯರುಗಳನ್ನು ಕೊಡುತ್ತವೆ. ಮನೆಯ ದೊಡ್ಡ ಸಾಕೆಟ್ಟಿನ ಮಿತಿ 15 ಆಂಪಿಯರುಗಳ ಆಸುಪಾಸಿನದೆಂಬುದನ್ನು ಹೋಲಿಸಿ ನೋಡಬಹುದು. ಎರಡು ಧ್ರುವಗಳ ನಡುವೆ ಕಬ್ಬಿಣದ ಸ್ಪ್ಯಾನರ್ ಅಡ್ಡಬಿದ್ದರೆ ಅದು ಕ್ಷಣಾರ್ಧದಲ್ಲಿ ಕೆಂಪಗೆ ಕಾದು ಬೆಸೆದುಕೊಳ್ಳುತ್ತದೆ. ಬೆರಳಿನ ಉಂಗುರವೋ ಕೈಗಡಗವೋ ಈ ಹಾದಿಯಲ್ಲಿ ಸಿಕ್ಕಿದರೆ ಅದನ್ನು ಕಿತ್ತೆಸೆಯುವ ಮುನ್ನವೇ ಮಾಂಸದವರೆಗೂ ಸುಟ್ಟಿರುತ್ತದೆ.

ನಾಲ್ಕನೆಯದು ಭಾರ. ದೊಡ್ಡ ಯಂತ್ರದ ಒಂದೊಂದು ಬ್ಯಾಟರಿ 40ರಿಂದ 60 ಕಿಲೋಗ್ರಾಂವರೆಗೆ ತೂಗುವುದುಂಟು. ಅಂದರೆ ಒಂದು ಸಿಮೆಂಟು ಮೂಟೆಯಷ್ಟು. ಸಿಮೆಂಟು ಮೂಟೆಯನ್ನು ಹೆಗಲಿಗೆ ಏರಿಸಬಹುದು. ಬ್ಯಾಟರಿಯನ್ನು ಎದೆಯಿಂದ ದೂರ ಹಿಡಿದು, ಓರೆಯಾಗದಂತೆ, ಯಂತ್ರದ ಮೆಟ್ಟಿಲಿನಿಂದ ಇಳಿಸಬೇಕು. ಬೆನ್ನುಮೂಳೆಗೆ ಇದಕ್ಕಿಂತ ಕಠಿಣವಾದ ಭಂಗಿ ವಿರಳ.

ಐದನೆಯದು ಸೀಸ. ಅದರ ಕೆಲಸ ನಿಧಾನವಾದುದು. ಅದನ್ನು ಕೊನೆಯಲ್ಲಿ ಪ್ರತ್ಯೇಕವಾಗಿಯೇ ನೋಡಬೇಕಾಗುತ್ತದೆ.

ಮುಟ್ಟುವ ಮೊದಲು

ಬ್ಯಾಟರಿ ಕೆಲಸಕ್ಕೆ ಹೊರಡುವವನು ಮೊದಲು ಸಿದ್ಧಪಡಿಸಿಕೊಳ್ಳತಕ್ಕ ವಸ್ತು ಸ್ಪ್ಯಾನರ್ ಅಲ್ಲ, ಶುದ್ಧ ನೀರು. ಕೈಗೆಟುಕುವಲ್ಲಿ ನಲ್ಲಿಯಿರಬೇಕು, ಇಲ್ಲವಾದರೆ ಒಂದೆರಡು ದೊಡ್ಡ ಕ್ಯಾನುಗಳ ತುಂಬ ನೀರಿರಬೇಕು. ಆಮ್ಲ ಕಣ್ಣಿಗೆ ಬಿದ್ದ ಮೇಲೆ ನೀರು ಹುಡುಕಿಕೊಂಡು ಓಡುವುದು ಬಾಯಾರಿದ ಮೇಲೆ ಬಾವಿ ತೋಡಿದಂತೆ. ಅನಂತರ ಕಣ್ಣನ್ನು ಪಕ್ಕಗಳಿಂದಲೂ ಮುಚ್ಚುವ ರಕ್ಷಣಾ ಕನ್ನಡಕ, ಆಮ್ಲ ತಡೆಯುವ ರಬ್ಬರಿನ ಕೈಗವಸು, ಏಪ್ರನ್, ಗಟ್ಟಿ ಬೂಟುಗಳು ಬೇಕು. ದೃಷ್ಟಿದೋಷಕ್ಕೆ ಧರಿಸುವ ಸಾಮಾನ್ಯ ಕನ್ನಡಕ ಇದಕ್ಕೆ ಸಾಲದು.

ಉಂಗುರ, ಗಡಿಯಾರ, ಕಡಗ, ಕೊರಳ ಸರಗಳನ್ನು ತೆಗೆದಿಡಬೇಕು. ಬೀಡಿ, ಸಿಗರೇಟು, ಬೆಂಕಿಕಡ್ಡಿ ಸುತ್ತಮುತ್ತ ಇರಕೂಡದು. ಕತ್ತಲಲ್ಲಿ ಆಮ್ಲದ ಮಟ್ಟ ನೋಡಲು ಲೈಟರ್ ಹಚ್ಚಿ ಬಗ್ಗುವ ದುರಭ್ಯಾಸ ಮಾರಕವಾದುದು, ಟಾರ್ಚನ್ನೇ ಬಳಸಬೇಕು.

ಯಂತ್ರವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಬಕೆಟ್ಟನ್ನೋ ಬ್ಲೇಡನ್ನೋ ನೆಲಕ್ಕೆ ಇಳಿಸಿ, ಬ್ರೇಕು ಹಾಕಿ, ಎಂಜಿನ್ ಆರಿಸಿ, ಕೀಲಿಯನ್ನು ಹೊರತೆಗೆಯಬೇಕು. ಅನೇಕ ಯಂತ್ರಗಳಲ್ಲಿ ಬ್ಯಾಟರಿ ಸಂಪರ್ಕವನ್ನು ಕಡಿಯುವ ಮುಖ್ಯ ಸ್ವಿಚ್ಚು ಇರುತ್ತದೆ. ಹೊಗೆಯನ್ನು ಶುದ್ಧಗೊಳಿಸುವ ದ್ರವವನ್ನು ಬಳಸುವ ಹೊಸ ಯಂತ್ರಗಳಲ್ಲಿ, ಎಂಜಿನ್ ನಿಂತ ಮೇಲೆ ಆ ದ್ರವ ಕೊಳವೆಗಳಿಂದ ಹಿಂದಕ್ಕೆ ಹೋಗಲು ಕೆಲವು ನಿಮಿಷ ಬೇಕಾಗುತ್ತದೆ. ತಯಾರಕರ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾದು, ಸೂಚನಾ ದೀಪ ಆರಿದ ಬಳಿಕವೇ ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಆರಿಸಿದ ಸ್ವಿಚ್ಚಿಗೆ ಬೀಗ ಹಾಕಿ ‘ಕೆಲಸ ನಡೆದಿದೆ, ಯಂತ್ರ ಚಾಲೂ ಮಾಡಬೇಡಿ’ ಎಂಬ ಫಲಕ ತೂಗುಹಾಕುವುದು ಉತ್ತಮ. ಬೀಗದ ಕೀಲಿ ಕೆಲಸ ಮಾಡುವವನ ಬಳಿಯಲ್ಲೇ ಇರತಕ್ಕದ್ದು. ಮುಖ್ಯ ಸ್ವಿಚ್ಚು ಆರಿಸಿದರೆ ಯಂತ್ರಕ್ಕೆ ಹೋಗುವ ವಿದ್ಯುತ್ತು ನಿಲ್ಲುತ್ತದೆಯೇ ಹೊರತು ಬ್ಯಾಟರಿಯ ಧ್ರುವಗಳು ನಿರ್ಜೀವವಾಗುವುದಿಲ್ಲ ಎಂಬುದು ನೆನಪಿನಲ್ಲಿರಬೇಕು. ಪೆಟ್ಟಿಗೆಯ ಮುಚ್ಚಳ ತೆರೆದ ಮೇಲೆ ಅನಿಲ ಚದುರಿಹೋಗಲು ಕೆಲವು ನಿಮಿಷ ಬಿಟ್ಟು ಕೆಲಸಕ್ಕೆ ತೊಡಗುವುದು ಜಾಣತನ.

ಪರೀಕ್ಷೆ

ಪರೀಕ್ಷೆ ಕಣ್ಣಿನಿಂದ ಆರಂಭವಾಗಬೇಕು. ಪೆಟ್ಟಿಗೆ ಬಿರುಕು ಬಿಟ್ಟಿದೆಯೆ, ಉಬ್ಬಿದೆಯೆ, ಆಮ್ಲ ಒಸರುತ್ತಿದೆಯೆ, ಕೇಬಲ್ಲಿನ ಹೊದಿಕೆ ಸವೆದಿದೆಯೆ, ಬ್ಯಾಟರಿಯನ್ನು ಬಿಗಿಹಿಡಿಯುವ ಪಟ್ಟಿ ಸಡಿಲವಾಗಿದೆಯೆ ಎಂದು ನೋಡಬೇಕು. ಕಲ್ಲುಮಣ್ಣಿನ ನೆಲದಲ್ಲಿ ಕುಲುಕುತ್ತ ದುಡಿಯುವ ಯಂತ್ರದಲ್ಲಿ ಪಟ್ಟಿ ಸಡಿಲಗೊಂಡರೆ ಒಳಗಿನ ಫಲಕಗಳು ಬೇಗನೆ ಉದುರುತ್ತವೆ. ಉಬ್ಬಿದ ಅಥವಾ ಬಿರುಕುಬಿಟ್ಟ ಬ್ಯಾಟರಿಯನ್ನು ಚಾರ್ಜ್ ಮಾಡುವ ಪ್ರಯತ್ನವೇ ಸಲ್ಲದು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ವಿಪರೀತ ಕಾದ, ಅತಿಯಾಗಿ ಚಾರ್ಜ್ ಆದ ಬ್ಯಾಟರಿಯ ಲಕ್ಷಣ. ದೂರ ಸರಿದು ಗಾಳಿಯಾಡಲು ಬಿಡಬೇಕು.

ಮುಚ್ಚಳ ತೆರೆಯಬಹುದಾದ ಬ್ಯಾಟರಿಯಲ್ಲಿ ದ್ರವದ ಮಟ್ಟ ಫಲಕಗಳಿಗಿಂತ ಮೇಲಿರಬೇಕು. ಕಡಿಮೆಯಾಗಿದ್ದರೆ ಭಟ್ಟಿ ಇಳಿಸಿದ ನೀರನ್ನು, ಅಂದರೆ ಡಿಸ್ಟಿಲ್ಡ್ ವಾಟರನ್ನು ಮಾತ್ರ ಹಾಕತಕ್ಕದ್ದು. ಆವಿಯಾಗಿ ಹೋಗುವುದು ನೀರೇ ಹೊರತು ಆಮ್ಲವಲ್ಲ. ಆದ್ದರಿಂದ ಆಮ್ಲ ಸುರಿಯುವುದು ತಪ್ಪು. ವಡೋದರೆಯ ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಎಂಜಿನ್ನಿನ ಬಿಸಿಯೂ ಸೇರಿದಾಗ ನೀರು ಬೇಗ ಇಂಗುತ್ತದೆ, ಬ್ಯಾಟರಿಯ ಆಯುಷ್ಯವೂ ಕುಗ್ಗುತ್ತದೆ. ಬೇಸಗೆಯಲ್ಲಿ ಈ ಪರೀಕ್ಷೆಯನ್ನು ಹೆಚ್ಚು ಸಲ ಮಾಡುವುದು ಅವಶ್ಯಕ. ಬಿಗಿಯಾಗಿ ಮುಚ್ಚಿದ, ನೀರು ಕೇಳದ ಬಗೆಯ ಬ್ಯಾಟರಿಗಳನ್ನು ಬಲವಂತವಾಗಿ ತೆರೆಯಕೂಡದು. ಅವುಗಳಿಂದಲೂ ಅನಿಲ ಹೊರಬೀಳುವ ಸಂಭವವಿದೆಯಾದ್ದರಿಂದ ಎಚ್ಚರಿಕೆಯೇನೂ ಕಡಿಮೆಯಾಗಬಾರದು.

ಕೆಲವು ಗಂಟೆಗಳ ವಿಶ್ರಾಂತಿಯ ಬಳಿಕ ಪೂರ್ಣ ಚಾರ್ಜ್ ಆದ 12 ವೋಲ್ಟಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2ರ ಸಮೀಪಕ್ಕೆ ಇಳಿದರೆ ಅರ್ಧದಷ್ಟು ಖಾಲಿಯಾಗಿದೆಯೆಂದು ತಿಳಿಯಬೇಕು. ಹೈಡ್ರೋಮೀಟರಿನಿಂದ ಅಳೆದಾಗ ಆರೂ ಕೋಶಗಳ ಸಾಂದ್ರತೆ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಕೋಶ ಉಳಿದವುಗಳಿಗಿಂತ 0.050ರಷ್ಟು ಕೆಳಗಿದ್ದರೆ ಆ ಕೋಶ ಕೆಟ್ಟಿರುವ ಸಂಭವ ಹೆಚ್ಚು. ಬಲ್ಲವರು ಎರಡು ಧ್ರುವಗಳ ನಡುವೆ ತಂತಿ ತಾಗಿಸಿ ಕಿಡಿ ನೋಡಿ ಬ್ಯಾಟರಿಯ ಬಲ ಅಳೆಯುವುದಿಲ್ಲ. ಇದು ಪರೀಕ್ಷೆಯಲ್ಲ, ಅಪಾಯಕ್ಕೆ ಕೊಟ್ಟ ಆಹ್ವಾನ.

ಬದಲಾಯಿಸುವ ಕ್ರಮ

ಬ್ಯಾಟರಿ ಬದಲಾವಣೆಯ ಮೂಲಸೂತ್ರ ಇಷ್ಟೇ: ಯಂತ್ರದ ದೇಹಕ್ಕೆ ಜೋಡಿಸಿದ ಕೇಬಲ್ಲನ್ನು ಮೊದಲು ಬಿಚ್ಚಬೇಕು, ಕೊನೆಯಲ್ಲಿ ಜೋಡಿಸಬೇಕು. ಈಗಿನ ಬಹುತೇಕ ಯಂತ್ರಗಳಲ್ಲಿ ಇದು ಋಣಧ್ರುವದ, ಅಂದರೆ ಮೈನಸ್ ಗುರುತಿನ ಕೇಬಲ್.

ಇದರ ಕಾರಣ ತಿಳಿದರೆ ಕ್ರಮ ಎಂದಿಗೂ ಮರೆಯದು. ಯಂತ್ರದ ಚೌಕಟ್ಟು, ಎಂಜಿನ್, ಪೆಟ್ಟಿಗೆ ಇತ್ಯಾದಿ ಲೋಹದ ಭಾಗಗಳೆಲ್ಲ ಋಣಧ್ರುವಕ್ಕೆ ಸೇರಿರುತ್ತವೆ. ಒಬ್ಬ ಕೆಲಸಗಾರ ಧನಧ್ರುವದ ನಟ್ಟನ್ನು ಮೊದಲು ಸಡಿಲಿಸತೊಡಗಿದನೆಂದು ಭಾವಿಸಬಹುದು. ಇಕ್ಕಟ್ಟಾದ ಆ ಜಾಗದಲ್ಲಿ ಸ್ಪ್ಯಾನರಿನ ಇನ್ನೊಂದು ತುದಿ ಪೆಟ್ಟಿಗೆಯ ಗೋಡೆಗೆ ತಾಗಿದೊಡನೆ ವಿದ್ಯುತ್ತಿಗೆ ಪೂರ್ಣ ಹಾದಿ ಸಿಕ್ಕಿ ಕಿಡಿ ಹಾರುತ್ತದೆ. ಅದೇ ಸ್ಪ್ಯಾನರಿನಿಂದ ಋಣಧ್ರುವವನ್ನು ಮೊದಲು ಬಿಚ್ಚುವಾಗ ಗೋಡೆಗೆ ತಾಗಿದರೂ ಏನೂ ಆಗದು. ಏಕೆಂದರೆ ಗೋಡೆಯೂ ಆ ಧ್ರುವವೂ ಮೊದಲೇ ಒಂದಾಗಿವೆ. ಋಣದ ಕೇಬಲ್ ಬಿಚ್ಚಿ, ತಾಗದಂತೆ ದೂರಕ್ಕೆ ಕಟ್ಟಿದ ಮೇಲೆ ಧನಧ್ರುವ ಮತ್ತು ಗೋಡೆಗಳ ನಡುವೆ ಹಾದಿಯೇ ಉಳಿಯುವುದಿಲ್ಲ. ಸ್ಪ್ಯಾನರ್ ಒಂದೇ, ಕೈ ಒಂದೇ, ಕ್ರಮವೊಂದೇ ಬೇರೆ.

ಆದಕಾರಣ 24 ವೋಲ್ಟಿನ ಜೋಡಿಯಲ್ಲಿ ಮೊದಲು ದೇಹಕ್ಕೆ ಸೇರಿದ ಋಣದ ಕೇಬಲ್, ಆಮೇಲೆ ಧನದ ಕೇಬಲ್, ಕೊನೆಗೆ ಎರಡು ಬ್ಯಾಟರಿಗಳನ್ನು ಬೆಸೆಯುವ ನಡುವಿನ ಕೇಬಲ್, ಹೀಗೆ ಬಿಚ್ಚಬೇಕು. ಆರಂಭಿಸುವ ಮುನ್ನವೇ ಜೋಡಣೆಯ ಚಿತ್ರ ಬರೆದಿಟ್ಟುಕೊಳ್ಳುವುದೂ ಕೇಬಲ್ಲುಗಳಿಗೆ ಗುರುತು ಕಟ್ಟುವುದೂ ಒಳ್ಳೆಯದು. ಬಿಚ್ಚಿದ ಧ್ರುವಗಳಿಗೆ ರಬ್ಬರಿನ ಟೊಪ್ಪಿ ತೊಡಿಸಬೇಕು. ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಇದ್ದರೆ ಮತ್ತೂ ಕ್ಷೇಮ. ಕಚ್ಚಿಕೊಂಡ ಟರ್ಮಿನಲ್ಲನ್ನು ಸುತ್ತಿಗೆಯಿಂದ ಬಡಿಯಬಾರದು. ಸೀಸ ಮೆತು ಲೋಹವಾದ್ದರಿಂದ ಧ್ರುವ ಮುರಿದು ಒಳಗೆ ಕಿಡಿ ಹುಟ್ಟಬಹುದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಸಂಪರ್ಕ ತಪ್ಪಿಸುವುದಂತೂ ಕೂಡದು. ವೋಲ್ಟೇಜು ಹಠಾತ್ತನೆ ಏರಿ ಆಲ್ಟರ್ನೇಟರೂ ನಿಯಂತ್ರಣ ಪೆಟ್ಟಿಗೆಗಳೂ ಸುಡುತ್ತವೆ.

ಎತ್ತುವಾಗ ಇಬ್ಬರು ಬೇಕು, ಇಲ್ಲವೆ ಪಟ್ಟಿ ಕಟ್ಟಿ ಸಣ್ಣ ಹಾಯಿಸ್ಟಿನಿಂದ ಎತ್ತಬೇಕು. ಮೊಣಕಾಲು ಬಾಗಿಸಿ, ಬೆನ್ನು ನೆಟ್ಟಗಿಟ್ಟು, ಬ್ಯಾಟರಿಯನ್ನು ಓರೆ ಮಾಡದೆ ಇಳಿಸಬೇಕು. ಖಾಲಿಯಾದ ಪೆಟ್ಟಿಗೆಯನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದರೆ ಚೆಲ್ಲಿದ ಆಮ್ಲ ನಿರ್ವೀರ್ಯವಾಗುತ್ತದೆ. ನೊರೆ ನಿಂತರೆ ಆಮ್ಲ ಮುಗಿಯಿತೆಂದು ಅರ್ಥ. ಈ ಸೋಡಾ ನೀರು ಬ್ಯಾಟರಿಯ ಕೋಶಗಳೊಳಗೆ ಹೋಗಬಾರದು.

ಹೊಸದನ್ನು ಕೂರಿಸುವಾಗ ಕ್ರಮ ತಿರುಗುಮುರುಗು. ಮೊದಲು ಬ್ಯಾಟರಿಯನ್ನು ಪಟ್ಟಿಯಿಂದ ಭದ್ರಪಡಿಸಿ, ನಡುವಿನ ಕೇಬಲ್, ಅನಂತರ ಧನ, ಎಲ್ಲಕ್ಕೂ ಕೊನೆಯಲ್ಲಿ ಋಣ. ಟರ್ಮಿನಲ್ಲುಗಳ ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಕಿಲುಬು ಕಟ್ಟುವುದು ಕಡಿಮೆಯಾಗುತ್ತದೆ. ಜೋಡಿಯಲ್ಲಿ ಒಂದು ಮಾತ್ರ ಕೆಟ್ಟಿದ್ದರೂ ಎರಡನ್ನೂ ಒಟ್ಟಿಗೆ, ಒಂದೇ ಬಗೆಯವನ್ನು, ಒಂದೇ ಸಾಮರ್ಥ್ಯದವನ್ನು ಹಾಕಬೇಕು. ಮುದಿ ಎತ್ತಿಗೂ ಎಳೆಯ ಹೋರಿಗೂ ಒಂದೇ ನೊಗ ಹೂಡಿದರೆ ಆಗುವ ಪಾಡೇ ಇಲ್ಲಿಯೂ ಆಗುತ್ತದೆ. ಹಳೆಯದು ಬೇಗ ಖಾಲಿಯಾಗುತ್ತದೆ, ಚಾರ್ಜ್ ಮಾಡುವಾಗ ಒಂದು ಅತಿಯಾಗಿ ತುಂಬಿ ಕಾಯುತ್ತದೆ. ಕೊನೆಗೆ ಒಂದನ್ನು ಉಳಿಸಲು ಹೋಗಿ ಎರಡನ್ನೂ ಕಳೆದುಕೊಂಡಂತಾಗುತ್ತದೆ.

ಇನ್ನೊಂದು ಯಂತ್ರದಿಂದ ವಿದ್ಯುತ್ತನ್ನು ಎರವಲು ಪಡೆದು ಎಂಜಿನ್ ಎಬ್ಬಿಸುವ ರೂಢಿಯೂ ಇದೆ. ಎರಡೂ ಯಂತ್ರಗಳ ವೋಲ್ಟೇಜು ಒಂದೇ ಇರಬೇಕು. ಯಂತ್ರಗಳು ಪರಸ್ಪರ ತಾಗಿಕೊಂಡಿರಬಾರದು. ಮೊದಲು ಧನದಿಂದ ಧನಕ್ಕೆ ಕೇಬಲ್ ಜೋಡಿಸಿ, ಆಮೇಲೆ ನೆರವು ಕೊಡುವ ಬ್ಯಾಟರಿಯ ಋಣಕ್ಕೆ ಜೋಡಿಸಬೇಕು. ಕಟ್ಟಕಡೆಯ ಜೋಡಣೆಯನ್ನು ಮಾತ್ರ ಸೋತ ಬ್ಯಾಟರಿಯ ಧ್ರುವಕ್ಕೆ ಮಾಡದೆ, ಅದರಿಂದ ದೂರದಲ್ಲಿರುವ ಎಂಜಿನ್ನಿನ ಬರಿ ಲೋಹಕ್ಕೆ ಮಾಡಬೇಕು. ಕಿಡಿ ಹಾರುವುದಾದರೆ ಅನಿಲವಿಲ್ಲದ ಕಡೆ ಹಾರಲಿ ಎಂಬುದೇ ಇದರ ತಾತ್ಪರ್ಯ.

ಅವಘಡ ನಡೆದರೆ

ಆಮ್ಲ ಕಣ್ಣಿಗೆ ಬಿದ್ದರೆ ಆ ಕ್ಷಣದಿಂದಲೇ ನೀರು ಬಿಡಬೇಕು. ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ, ಕನಿಷ್ಠ 15ರಿಂದ 20 ನಿಮಿಷ ಶುದ್ಧ ನೀರನ್ನು ನಿಧಾನವಾಗಿ ಹರಿಸುತ್ತಲೇ ಇರಬೇಕು. ಒಂದು ಕಣ್ಣಿಗಾಗಿದ್ದರೆ ಆ ನೀರು ಇನ್ನೊಂದಕ್ಕೆ ಹರಿಯದಂತೆ ತಲೆಯನ್ನು ಓರೆಯಾಗಿಸಬೇಕು. ಕಣ್ಣನ್ನು ಉಜ್ಜಕೂಡದು. ಸೋಡಾ ನೀರು ನೆಲಕ್ಕೆ ಸರಿ, ಕಣ್ಣಿಗಲ್ಲ. ಎದೆಹಾಲು, ಎಣ್ಣೆ, ತುಪ್ಪಗಳಂತಹ ಮನೆಮದ್ದುಗಳೂ ಬೇಡ. ತೊಳೆದ ಮೇಲೆ ನೋವು ಕಡಿಮೆಯಾದರೂ ತಡಮಾಡದೆ ನೇತ್ರವೈದ್ಯರಲ್ಲಿಗೆ ಹೋಗಲೇಬೇಕು. ವಡೋದರೆಯಲ್ಲಿ ಸರ್ ಸಯಾಜಿರಾವ್ ಸಾರ್ವಜನಿಕ ಆಸ್ಪತ್ರೆಯಿದೆ, 108ರ ಆಂಬುಲೆನ್ಸ್ ಇದೆ. ಆದರೆ ಕಣ್ಣಿನ ಭವಿಷ್ಯವನ್ನು ಬಹುಮಟ್ಟಿಗೆ ನಿರ್ಧರಿಸುವುದು ಆಸ್ಪತ್ರೆ ಸೇರುವ ಮುಂಚಿನ ನಿಮಿಷಗಳೇ.

ಚರ್ಮದ ಮೇಲೆ ಬಿದ್ದರೆ ಆಮ್ಲ ನೆನೆದ ಬಟ್ಟೆಯನ್ನು ಕೂಡಲೇ ಕಳಚಿ ಧಾರಾಳವಾಗಿ ನೀರು ಸುರಿಯಬೇಕು. ಬಾಯೊಳಕ್ಕೆ ಹೋದರೆ ವಾಂತಿ ಮಾಡಿಸಲು ಯತ್ನಿಸದೆ ಬಾಯಿ ಮುಕ್ಕಳಿಸಿ ಆಸ್ಪತ್ರೆಗೆ ಒಯ್ಯಬೇಕು.

ಸೀಸವು ಮನೆಗೆ ಬರುವ ದಾರಿ

ಸ್ಫೋಟವಾದರೆ ನಾಲ್ಕು ಜನ ಓಡಿಬರುತ್ತಾರೆ. ಸೀಸ ಶರೀರವನ್ನು ಸೇರುವಾಗ ಯಾರಿಗೂ ಸದ್ದು ಕೇಳಿಸದು. ಟರ್ಮಿನಲ್ಲಿನ ಸುತ್ತ ಕಟ್ಟುವ ಪುಡಿಯಲ್ಲಿ ಸೀಸದ ಅಂಶವಿರುತ್ತದೆ. ಅದನ್ನು ಒಣ ಬ್ರಷ್ಷಿನಿಂದ ಉಜ್ಜಿದರೆ ಧೂಳು ಉಸಿರಿನೊಡನೆ ಒಳಹೋಗುತ್ತದೆ. ಕೈ ತೊಳೆಯದೆ ರೊಟ್ಟಿ ಮುರಿದರೆ, ತಂಬಾಕು ತಿಕ್ಕಿದರೆ, ಬೀಡಿ ಹಚ್ಚಿದರೆ ಬಾಯಿಯ ಮೂಲಕ ಹೊಟ್ಟೆ ಸೇರುತ್ತದೆ. ಒಮ್ಮೆ ಸೇರಿದ ಸೀಸದ ಬಹುಭಾಗ ಎಲುಬುಗಳಲ್ಲಿ ಶೇಖರವಾಗಿ ದಶಕಗಳವರೆಗೆ ಉಳಿಯಬಲ್ಲದು. ಹೊಟ್ಟೆಯ ಸೆಳೆತ, ಮಲಬದ್ಧತೆ, ರಕ್ತಹೀನತೆ, ಸಿಡುಕು, ಮಣಿಕಟ್ಟಿನ ದೌರ್ಬಲ್ಯ ಇದರ ಲಕ್ಷಣಗಳು. ಇವನ್ನು ಬೇರೆ ಸಾಮಾನ್ಯ ಕಾಯಿಲೆಗಳೆಂದು ಭ್ರಮಿಸುವುದು ಸುಲಭ. 1948ರ ಕಾರ್ಖಾನೆ ಕಾಯಿದೆಯು ಕಡ್ಡಾಯವಾಗಿ ವರದಿ ಮಾಡಬೇಕಾದ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಸೀಸದ ವಿಷವನ್ನು ಸೇರಿಸಿತ್ತು ಎಂಬುದು ಗಮನಾರ್ಹ.

ಕೆಲಸಗಾರನ ಅಂಗಿಯ ಮೇಲಿನ ಧೂಳು ಅವನೊಡನೆಯೇ ಮನೆಗೆ ಬರುತ್ತದೆ. ಸಂಜೆ ಓಡಿಬಂದು ಕಾಲು ತಬ್ಬಿಕೊಳ್ಳುವ ಮಗುವಿಗೆ ಅದು ಅಂಟುತ್ತದೆ. ಒಂದೇ ಪ್ರಮಾಣದ ಸೀಸ ಹೊಟ್ಟೆಗೆ ಹೋದಾಗ ಸಣ್ಣ ಮಕ್ಕಳ ಶರೀರ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆಂದೂ ಇಷ್ಟು ಸೀಸ ನಿರಪಾಯಕರವೆಂದು ಹೇಳಬಹುದಾದ ಮಟ್ಟವೇ ಇಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟಪಡಿಸಿದೆ. ಬೆಳೆಯುವ ಮೆದುಳಿಗೆ ಆಗುವ ಹಾನಿ ಶಾಲೆಯ ಅಂಕಪಟ್ಟಿಯಲ್ಲಿ ಕಾಣಿಸಬಹುದು. ಅದಕ್ಕೆ ಕಾರಣ ತಂದೆಯ ಅಂಗಿಯೆಂದು ಯಾರಿಗೂ ಹೊಳೆಯುವುದಿಲ್ಲ.

ಈ ವಿಷಯದಲ್ಲಿ ದೇಶದ ಕಣ್ಣು ತೆರೆಸಿದ ಕಾರ್ಯಗಳಲ್ಲಿ ಒಂದು ಬೆಂಗಳೂರಿನಲ್ಲಿಯೇ ನಡೆದದ್ದು. 1990ರ ದಶಕದ ಕೊನೆಯಲ್ಲಿ ಅಲ್ಲಿಯ ಜಾರ್ಜ್ ಫೌಂಡೇಷನ್ ಕೈಗೊಂಡ ಸಮೀಕ್ಷೆಯಲ್ಲಿ, ಪರೀಕ್ಷೆಗೊಳಗಾದ ನಗರವಾಸಿ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಸೀಸವು ಅಂದಿನ ಎಚ್ಚರಿಕೆಯ ಮಟ್ಟವಾದ ಪ್ರತಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿದ್ದುದು ಕಂಡುಬಂದಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ತಜ್ಞ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ಅರಿವನ್ನು ಮೂಡಿಸಲು ದೀರ್ಘಕಾಲ ದುಡಿದರು. 2000ದಲ್ಲಿ ದೇಶಾದ್ಯಂತ ಸೀಸ ಬೆರೆತ ಪೆಟ್ರೋಲಿನ ಮಾರಾಟ ನಿಂತಿತು. ಪೆಟ್ರೋಲು ಬಿಟ್ಟ ಸೀಸ ಬ್ಯಾಟರಿಯಲ್ಲಿ ಉಳಿಯಿತು. ಜಗತ್ತಿನ ಮೂರು ಮಕ್ಕಳಲ್ಲಿ ಒಂದು ಮಗುವಿನ, ಅಂದರೆ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸವು 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದೆಯೆಂದು ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು 2020ರಲ್ಲಿ ವರದಿ ಮಾಡಿದವು. ಹಳೆಯ ಬ್ಯಾಟರಿಗಳನ್ನು ಎಗ್ಗಿಲ್ಲದೆ ಒಡೆದು ಕರಗಿಸುವುದು ಇದಕ್ಕೆ ಮುಖ್ಯ ಕಾರಣಗಳಲ್ಲೊಂದೆಂದು ಆ ವರದಿ ಹೇಳಿತು.

ಆದ್ದರಿಂದ ಟರ್ಮಿನಲ್ಲನ್ನು ಒದ್ದೆ ಮಾಡಿ ಉಜ್ಜುವುದು, ಊಟಕ್ಕೆ ಮುಂಚೆ ಸೋಪಿನಿಂದ ಕೈಮುಖ ತೊಳೆಯುವುದು, ಕೆಲಸದ ಬಟ್ಟೆಯನ್ನು ಕೆಲಸದ ಜಾಗದಲ್ಲೇ ಬದಲಿಸುವುದು, ಅದನ್ನು ಮನೆಯ ಬಟ್ಟೆಗಳೊಡನೆ ಒಗೆಯದಿರುವುದು, ಈ ನಾಲ್ಕೂ ಕ್ರಮಗಳು ಕಾಸು ಖರ್ಚಿಲ್ಲದ ಔಷಧಿಗಳು.

ಹಳೆಯ ಬ್ಯಾಟರಿಯ ಲೆಕ್ಕ

ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ ಆಗಿರುವುದರಿಂದ ಸತ್ತ ಬ್ಯಾಟರಿಗೂ ಬೆಲೆಯುಂಟು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬಂತೆ. ಬಾಗಿಲಿಗೆ ಬರುವ ಗುಜರಿಯವನು, ಇಲ್ಲಿಯ ಮಾತಿನಲ್ಲಿ ಭಂಗಾರವಾಲಾ, ನಾಲ್ಕು ಕಾಸು ಹೆಚ್ಚು ಕೊಟ್ಟಾನು. ಆದರೆ ಆ ಹೆಚ್ಚಿನ ಕಾಸು ಹುಟ್ಟುವುದು ಎಲ್ಲೋ ಒಂದು ಹಿತ್ತಲಿನ ಕುಲುಮೆಯಲ್ಲಿ. ಅಲ್ಲಿ ಆಮ್ಲ ಮೋರಿಗೆ ಹೋಗುತ್ತದೆ, ಹೊಗೆ ನೆರೆಹೊರೆಯ ಮಕ್ಕಳ ಶ್ವಾಸಕೋಶಕ್ಕೆ ಹೋಗುತ್ತದೆ. ಭಾರತದಲ್ಲಿ 2001ರಲ್ಲಿಯೇ ಬ್ಯಾಟರಿ ನಿರ್ವಹಣೆಯ ನಿಯಮಗಳು ಬಂದವು. 2022ರಲ್ಲಿ ಅವುಗಳ ಸ್ಥಾನದಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಜಾರಿಯಾದವು. ಹಳೆಯದನ್ನು ಹೊಸದು ಕೊಟ್ಟ ಅಧಿಕೃತ ಮಾರಾಟಗಾರನಿಗೋ ನೋಂದಾಯಿತ ಸಂಸ್ಕರಣಕಾರನಿಗೋ ಒಪ್ಪಿಸಿ ರಸೀದಿ ಪಡೆಯುವುದೇ ಸರಿಯಾದ ಹಾದಿ.

ಲೆಕ್ಕಪತ್ರದಲ್ಲಿ ಯಂತ್ರದ ಸವಕಳಿಗೆ ಒಂದು ಕಲಮುಂಟು, ವಿಮೆಗೆ ಒಂದು ಕಲಮುಂಟು. ಕಣ್ಣಿನ ಸವಕಳಿಗೆ ಕಲಮಿಲ್ಲ. ರಕ್ಷಣಾ ಕನ್ನಡಕ, ಕೈಗವಸು, ಏಪ್ರನ್ನುಗಳ ಒಟ್ಟು ಬೆಲೆ ಒಂದು ದೊಡ್ಡ ಬ್ಯಾಟರಿಯ ಬೆಲೆಯಲ್ಲಿ ಅಲ್ಪಭಾಗವಷ್ಟೆ. ಈ ಅಲ್ಪವನ್ನು ಖರ್ಚಿನ ಬದಿಗೆ ಬರೆಯಲು ಹಿಂಜರಿಯುವವರು ಮುಂದೆ ಬರೆಯಬೇಕಾದೀತಾದ ದೊಡ್ಡ ಮೊತ್ತವನ್ನು ಎಣಿಸಿ ನೋಡುವುದು ಒಳಿತು.

ಇದೆಲ್ಲ ಗಣಿಯವರಿಗೆ, ಗುತ್ತಿಗೆದಾರರಿಗೆ ಸೇರಿದ ಮಾತೆಂದು ಆಲ್ಕಾಪುರಿಯ ಓದುಗರು ಭಾವಿಸಬೇಕಾಗಿಲ್ಲ. ವಸತಿ ಸಮುಚ್ಚಯ, ಆಸ್ಪತ್ರೆ, ಬ್ಯಾಂಕುಗಳ ನೆಲಮಾಳಿಗೆಯಲ್ಲೋ ಹಿತ್ತಲಲ್ಲೋ ನಿಂತಿರುವ ಡೀಸೆಲ್ ಜನರೇಟರನ್ನು ಎಬ್ಬಿಸುವುದೂ ಇದೇ ಬಗೆಯ ಬ್ಯಾಟರಿಯೇ. ಗಾಳಿಯಾಡದ ನೆಲಮಾಳಿಗೆಯಲ್ಲಿ ಜಲಜನಕಕ್ಕೆ ಹೊರಹೋಗುವ ಹಾದಿಯೂ ಕಡಿಮೆ. 2024ರ ಆಗಸ್ಟ್ ಕೊನೆಯಲ್ಲಿ ವಿಶ್ವಾಮಿತ್ರಿ ನದಿ ಉಕ್ಕಿ ನಗರದ ಅನೇಕ ಬಡಾವಣೆಗಳು ಜಲಾವೃತವಾದುದನ್ನು ವಡೋದರೆಯವರು ಮರೆತಿಲ್ಲ. ನೆರೆಯಲ್ಲಿ ಮುಳುಗಿದ ಬ್ಯಾಟರಿಯನ್ನು ಒರೆಸಿ ಹಾಗೆಯೇ ಚಾಲೂ ಮಾಡುವ ಆತುರ ಸಲ್ಲದು. ಬಲ್ಲ ತಂತ್ರಜ್ಞನು ಪರೀಕ್ಷಿಸುವ ತನಕ ಅದನ್ನು ಮುಟ್ಟದಿರುವುದೇ ಕ್ಷೇಮ.

ಸೊಸೈಟಿಯ ಕಾರ್ಯದರ್ಶಿಗಳೂ ಸದಸ್ಯರೂ ಈ ವಾರವೇ ಒಮ್ಮೆ ಜನರೇಟರ್ ಕೋಣೆಗೆ ಇಳಿದು ನೋಡುವುದು ಉಚಿತ. ಅಲ್ಲಿ ಗಾಳಿಗೆ ಕಿಂಡಿಯಿದೆಯೆ? ಕೈಗೆಟುಕುವಲ್ಲಿ ನಲ್ಲಿಯಿದೆಯೆ? ಗೂಟದಲ್ಲಿ ರಕ್ಷಣಾ ಕನ್ನಡಕವೂ ಕೈಗವಸೂ ತೂಗುತ್ತಿವೆಯೆ? ಕೇಬಲ್ ಬಿಚ್ಚುವ, ಜೋಡಿಸುವ ಕ್ರಮವನ್ನು ಕೆಲಸಗಾರನು ಓದಬಲ್ಲ ಭಾಷೆಯಲ್ಲಿ, ಗುಜರಾತಿಯಲ್ಲೋ ಹಿಂದಿಯಲ್ಲೋ, ದಪ್ಪ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಲಾಗಿದೆಯೆ? ಇಲ್ಲವಾದಲ್ಲಿ ಬರುವ ಬ್ಯಾಟರಿ ಬದಲಾವಣೆಯ ದಿನಕ್ಕೆ ಮುಂಚೆಯೇ ಇವೆಲ್ಲವನ್ನೂ ಒದಗಿಸತಕ್ಕದ್ದು.